ಡಿಡಕ್ಟಿಬಲ್, ಡಿಡಕ್ಷನ್: ಯಾವುದರಿಂದ ಕಳೆಯುತ್ತಾರೆ ಅಂತ ಮೊದಲು ಕೇಳಿ

ಮಳೆಗಾಲದ ಒಂದು ಬೆಳಗ್ಗೆ ನನ್ನ ಕಾರನ್ನು ನಾನೇ ನಮ್ಮ ಗೇಟಿನ ಕಂಬಕ್ಕೆ ಗುದ್ದಿದೆ. ರಿವರ್ಸ್ ತೆಗೆಯುವಾಗ. ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ. ಹಿಂದಿನ ಬಂಪರ್ ಸೀಳಿತ್ತು, ಪಕ್ಕದಲ್ಲಿ ಬಣ್ಣ ಕಿತ್ತು ಬಂದಿತ್ತು. ಗ್ಯಾರೇಜಿನವರು ತೆರಿಗೆ ಬಿಟ್ಟು 12,000 ರೂಪಾಯಿ ಅಂದರು. "ಇನ್ಶೂರೆನ್ಸ್ ಇದೆಯಲ್ಲ ಸಾರ್, ಟೆನ್ಶನ್ ಯಾಕೆ?" ಅಂತಲೂ ಅಂದರು. ಸರಿ, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಗಾಡಿ ವಾಪಸ್ ತರುವ ದಿನ ಕೌಂಟರಿನಲ್ಲಿ "4,900 ಕಟ್ಟಿ" ಅಂದಾಗ ಟೆನ್ಶನ್ ಶುರುವಾಯಿತು. ಬಿಲ್ಲಿನ ಕೆಳಗಡೆ ಒಂದು ಸಾಲಿತ್ತು: ಕಂಪಲ್ಸರಿ ಡಿಡಕ್ಟಿಬಲ್, 1,000.

ಜನವರಿಯಲ್ಲಿ ಆಫೀಸಿನ ಅಕೌಂಟ್ಸ್ ವಿಭಾಗದಿಂದ ಮೇಲ್ ಬಂತು. "ನಿಮ್ಮ ಡಿಡಕ್ಷನ್‌ಗಳ ದಾಖಲೆ ಕೊಡಿ, ಇಲ್ಲದಿದ್ದರೆ ತೆರಿಗೆ ಜಾಸ್ತಿ ಹಿಡಿಯುತ್ತೇವೆ." ಅಲ್ಲಿ ಡಿಡಕ್ಟಿಬಲ್ ಅಂತ ದುಡ್ಡು ಹೋಗಿತ್ತು. ಇಲ್ಲಿ ಡಿಡಕ್ಷನ್ ಇದ್ದರೆ ದುಡ್ಡು ಉಳಿಯುತ್ತೆ ಅಂತಿದ್ದಾರೆ. ಒಂದೇ ಮಾತು, ಎರಡು ಕಡೆ ಎರಡು ಮುಖ.

ನಮ್ಮ ಕನ್ನಡ ಪತ್ರಿಕೆಗಳು ಈ ಗೊಂದಲಕ್ಕೆ ಇನ್ನೊಂದಿಷ್ಟು ಸೇರಿಸಿವೆ. ತೆರಿಗೆಯ ವಿಷಯ ಬಂದರೆ ಸಾಕು, ಎಲ್ಲದಕ್ಕೂ "ವಿನಾಯಿತಿ" ಅಂತ ಬರೆಯುತ್ತಾರೆ. ಕಡಿತವೂ ವಿನಾಯಿತಿ, ರಿಬೇಟೂ ವಿನಾಯಿತಿ. ಓದುವವರಿಗೆ 1.5 ಲಕ್ಷದ "ವಿನಾಯಿತಿ" ಅಂದರೆ 1.5 ಲಕ್ಷ ಉಳಿಯಿತು ಅನ್ನಿಸುತ್ತದೆ. ಉಳಿಯುವುದು ಅದರಲ್ಲಿ ಒಂದು ಪಾಲು ಮಾತ್ರ.

ಅದಕ್ಕೆ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕಡಿತ, ಡಿಡಕ್ಟಿಬಲ್, ಡಿಡಕ್ಷನ್ ಅಂತ ಯಾರು ಏನೇ ಅಂದರೂ ಒಂದು ಪ್ರಶ್ನೆ ಕೇಳುವುದು: ಯಾವುದರಿಂದ ಕಳೆಯುತ್ತೀರಿ? ವಿಮೆಯಲ್ಲಿ ಕಳೆಯುವುದು ಕಂಪನಿ ನಮಗೆ ಕೊಡಬೇಕಾದ ದುಡ್ಡಿನಿಂದ. ತೆರಿಗೆಯಲ್ಲಿ ಕಳೆಯುವುದು ನಮ್ಮ ಆದಾಯದಿಂದ. ಮುಂದಿನ ಹಂತಗಳೆಲ್ಲ ಈ ಒಂದು ಪ್ರಶ್ನೆಯನ್ನೇ ಬೇರೆ ಬೇರೆ ಕಾಗದಗಳಿಗೆ ಕೇಳುವುದು. ನಿಯಮಗಳು ಭಾರತದವು, ತೆರಿಗೆಯ ಅಂಕಿಗಳು 2025–26ರ ಹಣಕಾಸು ವರ್ಷದವು.

ಹಂತ 1: ಪಾಲಿಸಿಯ ಮೊದಲ ಎರಡು ಪುಟ ತೆಗೆಯಿರಿ

ಪಾಲಿಸಿ ಪುಸ್ತಕ ಪೂರ್ತಿ ಓದಿ ಅಂತ ಹೇಳಿದರೆ ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಆದರೆ ಶೆಡ್ಯೂಲ್ ಅಂತ ಒಂದು ಭಾಗ ಇರುತ್ತದೆ. ನಿಮ್ಮ ಹೆಸರು, ವಿಮೆಯ ಮೊತ್ತ, ಪ್ರೀಮಿಯಂ ಎಲ್ಲ ಇರುವ ಪುಟ. ಅಲ್ಲಿ ಡಿಡಕ್ಟಿಬಲ್ ಅಥವಾ ಎಕ್ಸೆಸ್ ಅನ್ನುವ ಪದ ಹುಡುಕಿ. ಎರಡರ ಅರ್ಥ ಒಂದೇ. ಪಕ್ಕದಲ್ಲಿರುವ ಅಂಕಿ ನಿಮ್ಮ ಪಾಲು. ಅಷ್ಟು ದುಡ್ಡಿನ ತನಕ ನಷ್ಟ ನಿಮ್ಮದು, ಅದನ್ನು ದಾಟಿದ ಮೇಲೆ ಕಂಪನಿಯದು.

ಹೀಗೆ ಯಾಕೆ ಇಟ್ಟಿದ್ದಾರೆ ಅಂದ್ರೆ, 600 ರೂಪಾಯಿಯ ಗೀರಿಗೂ ಒಬ್ಬ ಸರ್ವೇಯರ್ ಬಂದು ಫೋಟೊ ತೆಗೆದು ಫೈಲ್ ಮಾಡಿದರೆ ಆ ಕೆಲಸಕ್ಕೇ ಗೀರಿಗಿಂತ ಹೆಚ್ಚು ಖರ್ಚು. ಆ ಖರ್ಚು ಎಲ್ಲರ ಪ್ರೀಮಿಯಂ ಮೇಲೆ ಬೀಳುತ್ತದೆ. ಇನ್ನೊಂದು ಕಾರಣ, ನಮ್ಮ ದುಡ್ಡೂ ಸ್ವಲ್ಪ ಸೇರಿದ್ದರೆ ನಾವು ಸ್ಟೇರಿಂಗ್ ಸ್ವಲ್ಪ ಜಾಗ್ರತೆಯಿಂದ ಹಿಡಿಯುತ್ತೇವೆ ಅಂತ ಅವರ ನಂಬಿಕೆ. ಗೇಟಿನ ಕಂಬದ ವಿಷಯದಲ್ಲಿ ಅದು ಕೆಲಸ ಮಾಡಲಿಲ್ಲ, ಇರಲಿ.

ಟರ್ಮ್ ಲೈಫ್ ಪಾಲಿಸಿಯಲ್ಲಿ ಇದನ್ನು ಹುಡುಕಬೇಡಿ, ಅಲ್ಲಿ ಇರುವುದಿಲ್ಲ. ಗಾಡಿಯ ಥರ್ಡ್ ಪಾರ್ಟಿ ಭಾಗದಲ್ಲೂ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಕೊಡುವ ಭಾಗದಲ್ಲೂ, ನಿಮಗೆ ಈ ಕಡಿತ ಇಲ್ಲ. ಅದು ಬರುವುದು ನಿಮ್ಮ ಸ್ವಂತ ಗಾಡಿಯ ಹಾನಿಗೆ, ಆಸ್ಪತ್ರೆಯ ಬಿಲ್ಲಿಗೆ, ಪ್ರವಾಸದ ವಿಮೆಗೆ. ಪ್ರವಾಸದ ವಿಮೆಯಲ್ಲಿ ಅದನ್ನು ಸಾಮಾನ್ಯವಾಗಿ ಡಾಲರ್‌ನಲ್ಲಿ ಬರೆದಿರುತ್ತಾರೆ. ಬ್ಯಾಗ್ ತಡವಾಗಿ ಬಂದರೆ ಕೊಡುವ ಪರಿಹಾರಕ್ಕೆ ಗಂಟೆಗಳ ಲೆಕ್ಕದಲ್ಲಿ ಇರುತ್ತದೆ. ಆಸ್ಪತ್ರೆಯಲ್ಲಿದ್ದ ದಿನಕ್ಕಿಷ್ಟು ಅಂತ ಕೊಡುವ ಪಾಲಿಸಿಗಳಲ್ಲಿ ಮೊದಲ ದಿನವನ್ನು ಬಿಟ್ಟು ಎಣಿಸುವುದೂ ಇದೆ. ಅದೂ ಡಿಡಕ್ಟಿಬಲ್ಲೇ, ದುಡ್ಡಿನ ಬದಲು ಸಮಯ ಕಳೆಯುತ್ತಾರೆ ಅಷ್ಟೇ.

ಹಂತ 2: ಗಾಡಿಯ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ

ಕಾರಿನ ಎಂಜಿನ್ 1500 ಸಿಸಿ ಒಳಗಿದ್ದರೆ ಕಡ್ಡಾಯ ಡಿಡಕ್ಟಿಬಲ್ 1,000 ರೂಪಾಯಿ. ಅದಕ್ಕಿಂತ ದೊಡ್ಡದಾದರೆ 2,000. ದ್ವಿಚಕ್ರ ವಾಹನಕ್ಕೆ 100. ಇದನ್ನು ತೆಗೆಸುವುದಕ್ಕೆ ಆಗುವುದಿಲ್ಲ.

ಹಾಗಾದರೆ ನನ್ನ ಹತ್ತಿರ 4,900 ಯಾಕೆ ತೆಗೆದುಕೊಂಡರು? ನನ್ನ ಬಿಲ್ಲನ್ನೇ ತೆಗೆದು ನೋಡೋಣ. ಬಂಪರ್ 6,800, ಪೇಂಟಿಂಗ್ 4,000, ಕೂಲಿ 1,200. ಒಟ್ಟು 12,000.

ಬಂಪರ್ ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ, ಟೈರು, ಬ್ಯಾಟರಿಗಳಿಗೆ ಸವಕಳಿ ಅಂತ ಅರ್ಧ ಬೆಲೆ ಹಿಡಿಯುತ್ತಾರೆ. ಹಳೆಯದು ಹೋಗಿ ಹೊಸದು ಬಂತಲ್ಲ, ಆ ಲಾಭ ನಿಮಗೆ ಯಾಕೆ ಬಿಡಬೇಕು ಅನ್ನುವ ಲೆಕ್ಕ. 3,400 ಹೋಯಿತು. ಪೇಂಟಿಂಗ್‌ನಲ್ಲಿ ಒಟ್ಟು ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಇಟ್ಟುಕೊಂಡು, ಅದರಲ್ಲಿ ಅರ್ಧ ಕಳೆಯುತ್ತಾರೆ. 4,000ದ ಕಾಲು 1,000, ಅದರ ಅರ್ಧ 500. ಕೂಲಿಗೆ ಸವಕಳಿ ಇಲ್ಲ. ಅಲ್ಲಿಗೆ ಕಂಪನಿ ಒಪ್ಪಿದ್ದು 8,100. ಅದರಿಂದ ಡಿಡಕ್ಟಿಬಲ್ 1,000 ತೆಗೆದರೆ 7,100. ಉಳಿದ 4,900 ನನ್ನದು.

ನೋಡಿ, ಡಿಡಕ್ಟಿಬಲ್ ಅಂತ ನಾನು ಬೈದುಕೊಂಡದ್ದು 1,000ಕ್ಕೆ. ನಿಜವಾಗಿ ಹೋದದ್ದು ಸವಕಳಿಯಲ್ಲಿ, 3,900. ಬಿಲ್ಲು ಕೈಗೆ ಬಂದಾಗ ಮೊದಲು ಈ ಎರಡನ್ನು ಬೇರೆ ಮಾಡಿಕೊಳ್ಳಿ. ಸವಕಳಿಯನ್ನು ಝೀರೋ ಡೆಪ್ರಿಸಿಯೇಶನ್ ಅನ್ನುವ ಹೆಚ್ಚುವರಿ ಕವರ್ ತಗೊಂಡು ತಪ್ಪಿಸಬಹುದು. ಜನ ಅದನ್ನೇ ಬಂಪರ್ ಟು ಬಂಪರ್ ಅನ್ನುತ್ತಾರೆ. ಅದು ಇದ್ದಿದ್ದರೆ ನಾನು ಸುಮಾರು 1,000 ಕಟ್ಟಿ ಬರುತ್ತಿದ್ದೆ. ಆದರೆ ಆ 1,000 ಕಟ್ಟಲೇಬೇಕಿತ್ತು. "ಬಂಪರ್ ಟು ಬಂಪರ್ ಇದೆ, ಒಂದು ಪೈಸೆ ಕೊಡಬೇಕಿಲ್ಲ" ಅಂತ ಯಾರಾದರೂ ಮಾರಿದರೆ ಅದು ಪೂರ್ತಿ ಸರಿಯಲ್ಲ.

ಇನ್ನೊಂದು ವಿಷಯ. ಡಿಡಕ್ಟಿಬಲ್ ಒಂದು ಘಟನೆಗೆ ಒಂದು ಸಲ. ಬಲಗಡೆ ಬಾಗಿಲಿನ ಹಳೇ ಗೀರನ್ನೂ ಇದರ ಜೊತೆಗೇ ಸೇರಿಸೋಣ ಅಂತ ಹೋದರೆ, ಸರ್ವೇಯರ್ ಅದನ್ನು ಬೇರೆ ಅಪಘಾತ ಅಂತ ಎಣಿಸಿ ಎರಡು ಸಲ ಕಳೆಯಬಹುದು.

ಹಂತ 3: ಕ್ಲೇಮ್ ಮಾಡಬೇಕೋ ಬೇಡವೋ, ಗ್ಯಾರೇಜಿಗೆ ಹೋಗುವ ಮೊದಲೇ ಲೆಕ್ಕ ಹಾಕಿ

ಇದನ್ನು ನಾನು ತಡವಾಗಿ ಕಲಿತೆ. ಕ್ಲೇಮ್ ಮಾಡದೆ ಇದ್ದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ ಸಿಗುತ್ತದೆ, ಗೊತ್ತಲ್ಲ. ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಇದು ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿ ಭಾಗಕ್ಕೆ ಇಲ್ಲ. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಬಂದು ಬೀಳುತ್ತೀರಿ.

ಆಗ ನನಗೆ ಶೇ. 25 ಇತ್ತು. ಸುಮ್ನೆ ಇದ್ದಿದ್ದರೆ ಮುಂದಿನ ವರ್ಷಗಳಲ್ಲಿ 35, 45, 50, 50, 50 ಸಿಗುತ್ತಿತ್ತು. ಕ್ಲೇಮ್ ಮಾಡಿದ್ದರಿಂದ 0, 20, 25, 35, 45. ವರ್ಷ ವರ್ಷದ ವ್ಯತ್ಯಾಸ ಕೂಡಿದರೆ 35, 25, 25, 15, 5. ಒಟ್ಟು ಶೇ. 105. ಅಂದರೆ ಐದು ವರ್ಷದಲ್ಲಿ ಹತ್ತಿರಹತ್ತಿರ ಒಂದು ಇಡೀ ವರ್ಷದ ಪ್ರೀಮಿಯಂ ಹೋಯಿತು. ನನ್ನ ಗಾಡಿಯ ಸ್ವಂತ ಹಾನಿಯ ಪ್ರೀಮಿಯಂ, ಬೋನಸ್ ಕಳೆಯುವ ಮೊದಲು, 9,000. ಲೆಕ್ಕಕ್ಕೆ 9,450 ನಷ್ಟ. ಗಾಡಿ ಹಳೆಯದಾದ ಹಾಗೆ ಪ್ರೀಮಿಯಂ ಇಳಿಯುತ್ತದೆ, ಹಾಗಾಗಿ ನಿಜವಾದ ನಷ್ಟ ಸ್ವಲ್ಪ ಕಮ್ಮಿ ಅನ್ನೋಣ. ಕಂಪನಿಯಿಂದ ಬಂದದ್ದು 7,100. ಏನು ಸಾಧಿಸಿದೆ ನಾನು?

ಅದಕ್ಕೇ ಎಸ್ಟಿಮೇಟ್ ಕೈಗೆ ಬಂದ ಕೂಡಲೇ ಮೂರು ಅಂಕಿ ಬರೆದುಕೊಳ್ಳಿ. ಸವಕಳಿ ಮತ್ತು ಡಿಡಕ್ಟಿಬಲ್ ಕಳೆದ ಮೇಲೆ ಕಂಪನಿ ಕೊಡುವುದೆಷ್ಟು, ಮುಂದಿನ ವರ್ಷ ಸಿಗಬೇಕಿದ್ದ ಬೋನಸ್ ರೂಪಾಯಿಯಲ್ಲಿ ಎಷ್ಟು, ಆಮೇಲಿನ ವರ್ಷಗಳಲ್ಲಿ ಎಷ್ಟು. ಮೊದಲನೆಯದು ಉಳಿದ ಎರಡೂ ಕೂಡಿದ್ದಕ್ಕಿಂತ ಚೆನ್ನಾಗಿ ದೊಡ್ಡದಿದ್ದರೆ ಮಾತ್ರ ಕ್ಲೇಮ್ ಮಾಡಿ. ಸಣ್ಣಪುಟ್ಟದಕ್ಕೆ ಕೈಯಿಂದ ಕೊಟ್ಟುಬಿಡುವುದೇ ವಾಸಿ. ವಿಮೆ ಇರುವುದು ದೊಡ್ಡ ಏಟಿಗೆ. ಬೋನಸ್ ಉಳಿಸುವ ಹೆಚ್ಚುವರಿ ಕವರ್ ಇದ್ದವರು ಈ ಲೆಕ್ಕವನ್ನು ಅದರ ಷರತ್ತಿಗೆ ತಕ್ಕ ಹಾಗೆ ತಿದ್ದಿಕೊಳ್ಳಬೇಕು.

ಹಂತ 4: ಸ್ವಯಂ ಡಿಡಕ್ಟಿಬಲ್ ಬೇಕಾ?

ಪಾಲಿಸಿ ಕೊಳ್ಳುವಾಗ ವಾಲಂಟರಿ ಡಿಡಕ್ಟಿಬಲ್ ಅಂತ ಒಂದು ಆಯ್ಕೆ ಕಾಣುತ್ತದೆ. ನಾನೇ ಇನ್ನೂ ಸ್ವಲ್ಪ ಹೊರುತ್ತೇನೆ, ಪ್ರೀಮಿಯಂ ಕಮ್ಮಿ ಮಾಡಿ ಅನ್ನುವ ಒಪ್ಪಂದ. ಇದು ಕಡ್ಡಾಯದ ಮೇಲೆ ಸೇರುತ್ತದೆ. 1,000 ಕಡ್ಡಾಯ, 2,500 ಸ್ವಯಂ ಅಂದರೆ ಪ್ರತಿ ಕ್ಲೇಮಿನಲ್ಲಿ 3,500 ನಿಮ್ಮದು.

ಎಲ್ಲ ಕಂಪನಿಗಳಿಗೂ ಒಂದೇ ದರಪಟ್ಟಿಯಾಗಿದ್ದ ಹಳೆಯ ಮೋಟಾರ್ ಟ್ಯಾರಿಫ್‌ನಲ್ಲಿ ಕಾರಿಗೆ ಹೀಗಿತ್ತು: 2,500 ಹೊತ್ತರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ, ಆದರೆ 750 ರೂಪಾಯಿ ಮೀರುವಂತಿಲ್ಲ. 15,000 ಹೊತ್ತರೆ ಶೇ. 35, ಗರಿಷ್ಠ 2,500. ಶೇಕಡಾ ನೋಡಿ ಖುಷಿಪಡಬೇಡಿ, ಆ ಗರಿಷ್ಠದ ಅಂಕಿ ನೋಡಿ. ವರ್ಷಕ್ಕೆ 750 ಉಳಿಸಿ 2,500ರ ಹೊರೆ ಹೊತ್ತರೆ, ಮೂರು ವರ್ಷ ನಾಲ್ಕು ತಿಂಗಳು ಒಂದೂ ಕ್ಲೇಮ್ ಇಲ್ಲದೆ ಹೋದರೆ ಸರಿಗೆ ಸರಿ. 15,000ದ್ದಾದರೆ ಆರು ವರ್ಷ. ಈಗ ಕಂಪನಿಗಳು ತಮ್ಮ ತಮ್ಮ ದರ ಇಟ್ಟುಕೊಂಡಿವೆ. ಹಾಗಾಗಿ ನಿಮ್ಮ ಕೊಟೇಶನ್‌ನಲ್ಲಿ ಆ ಆಯ್ಕೆ ಹಾಕಿ ಒಮ್ಮೆ, ತೆಗೆದು ಒಮ್ಮೆ ಪ್ರೀಮಿಯಂ ನೋಡಿ. ಹೆಚ್ಚುವರಿ ಹೊರೆಯನ್ನು ಉಳಿತಾಯದಿಂದ ಭಾಗಿಸಿ. ಎಷ್ಟು ವರ್ಷ ಅಂತ ಬರುತ್ತದೆ. ನಮ್ಮ ಗೇಟಿನ ಕಂಬ ಇನ್ನೂ ಅಲ್ಲೇ ಇರುವುದರಿಂದ ನಾನು ಆ ಆಯ್ಕೆ ತಗೊಂಡಿಲ್ಲ.

ಹಂತ 5: ಆಸ್ಪತ್ರೆಯ ವಿಮೆಯಲ್ಲಿ "ಪ್ರತಿ ಸಲ"ವೋ "ವರ್ಷಕ್ಕೆ"ಯೋ ಅಂತ ನೋಡಿ

ಇಲ್ಲಿ ಮೊತ್ತ ಲಕ್ಷಗಳಲ್ಲಿರುತ್ತದೆ, ಹಾಗಾಗಿ ನಿಧಾನವಾಗಿ ಓದಿ.

ಸಾಮಾನ್ಯವಾಗಿ ಡಿಡಕ್ಟಿಬಲ್ ಬರುವುದು ಟಾಪ್ ಅಪ್ ಮತ್ತು ಸೂಪರ್ ಟಾಪ್ ಅಪ್ ಪಾಲಿಸಿಗಳಲ್ಲಿ. ನಿಮ್ಮ ಹತ್ತಿರ 5 ಲಕ್ಷದ ಮೂಲ ಪಾಲಿಸಿ ಇದೆ ಅಂತಿಟ್ಟುಕೊಳ್ಳಿ. ಅದರ ಮೇಲೆ 20 ಲಕ್ಷದ ಇನ್ನೊಂದು, 5 ಲಕ್ಷ ಡಿಡಕ್ಟಿಬಲ್‌ನೊಂದಿಗೆ. ಮೊದಲ 5 ಲಕ್ಷ ಅದು ಮುಟ್ಟುವುದಿಲ್ಲ, ಅದಕ್ಕೇ ಅಗ್ಗ.

ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿದಿರಿ, ಎರಡೂ ಸಲ 4 ಲಕ್ಷ. ಒಟ್ಟು 8 ಲಕ್ಷ. ಮೂಲ ಪಾಲಿಸಿ 5 ಲಕ್ಷ ಕೊಟ್ಟು ಮುಗಿಯಿತು. ಉಳಿದ 3 ಲಕ್ಷ? ಎರಡನೆಯದು ಬರೀ ಟಾಪ್ ಅಪ್ ಆಗಿದ್ದರೆ ಪ್ರತಿ ಸಲಕ್ಕೂ ಬೇರೆ ಬೇರೆಯಾಗಿ 5 ಲಕ್ಷ ಕಳೆಯುತ್ತದೆ. ಯಾವ ಬಿಲ್ಲೂ 5 ಲಕ್ಷ ದಾಟಿಲ್ಲ. ಒಂದು ರೂಪಾಯಿಯೂ ಬರುವುದಿಲ್ಲ, 3 ಲಕ್ಷ ನಿಮ್ಮ ಕೈಯಿಂದ. ಸೂಪರ್ ಟಾಪ್ ಅಪ್ ಆಗಿದ್ದರೆ ಇಡೀ ವರ್ಷದ ಬಿಲ್ಲುಗಳನ್ನು ಕೂಡಿಸಿ ಒಂದೇ ಸಲ 5 ಲಕ್ಷ ಕಳೆಯುತ್ತದೆ, 3 ಲಕ್ಷ ಪೂರ್ತಿ ಬರುತ್ತದೆ. ಹೆಸರಿನಲ್ಲಿ "ಸೂಪರ್" ಅಂತ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಶೆಡ್ಯೂಲ್‌ನಲ್ಲಿ "ಅಗ್ರಿಗೇಟ್ ಡಿಡಕ್ಟಿಬಲ್" ಅಂತ ಇದೆಯಾ ನೋಡಿ. ಬೆಲೆಯ ವ್ಯತ್ಯಾಸ ಸಣ್ಣದಾದರೆ ಕಣ್ಣು ಮುಚ್ಚಿ ಸೂಪರ್ ತಗೊಳ್ಳಿ ಅಂತಲೇ ನನ್ನ ಸಲಹೆ.

ಅದರಲ್ಲೂ ಎರಡು ಕಡೆ ಜನ ಎಡವುತ್ತಾರೆ.

ಒಂದು, 5 ಲಕ್ಷ ದಾಟಬೇಕಾದದ್ದು ಆಸ್ಪತ್ರೆ ಬರೆದ ಬಿಲ್ಲಲ್ಲ, ಪಾಲಿಸಿ ಒಪ್ಪುವ ಖರ್ಚು. ಬಿಲ್ಲು 5.4 ಲಕ್ಷ ಇದೆ, ಅದರಲ್ಲಿ ಪಾಲಿಸಿ ಒಪ್ಪದ ಗ್ಲೌಸು, ಡಬ್ಬಿ, ಫಾರ್ಮ್ ಚಾರ್ಜು ಅಂತ 60,000 ಇದೆ ಅನ್ನಿ. ಲೆಕ್ಕಕ್ಕೆ ಸಿಗುವುದು 4.8 ಲಕ್ಷ. ಬಾಗಿಲು ತೆರೆಯಲೇ ಇಲ್ಲ. ಇನ್ನೊಂದು, ವರ್ಷ ಅಂದರೆ ಆ ಪಾಲಿಸಿಯ ವರ್ಷ. ಮೂಲ ಪಾಲಿಸಿ ಏಪ್ರಿಲ್‌ಗೆ ಶುರು, ಸೂಪರ್ ಟಾಪ್ ಅಪ್ ಸೆಪ್ಟೆಂಬರ್‌ಗೆ ಶುರು ಅಂದರೆ, ಜುಲೈನ ಬಿಲ್ಲು ಮತ್ತು ಅಕ್ಟೋಬರಿನ ಬಿಲ್ಲು ಮೂಲ ಪಾಲಿಸಿಯಲ್ಲಿ ಒಂದೇ ವರ್ಷ, ಸೂಪರ್‌ನಲ್ಲಿ ಎರಡು ವರ್ಷ. ಕೂಡಿಸಲು ಆಗುವುದಿಲ್ಲ. ಎರಡೂ ಒಂದೇ ಸಮಯಕ್ಕೆ ಶುರುವಾಗುವಂತೆ ನೋಡಿಕೊಳ್ಳಿ. ಇದನ್ನು ಏಜೆಂಟರು ತಾವಾಗಿಯೇ ಹೇಳುವುದನ್ನು ನಾನಂತೂ ಕೇಳಿಲ್ಲ.

ಮೂಲ ಪಾಲಿಸಿ ಇಲ್ಲದೆಯೂ ಇದನ್ನು ಕೊಳ್ಳಬಹುದಾ? ಸಾಮಾನ್ಯವಾಗಿ ಹೌದು. ಆ ಮೊದಲ 5 ಲಕ್ಷವನ್ನು ಆಫೀಸಿನ ಪಾಲಿಸಿ ಕೊಟ್ಟರೂ ಸರಿ, ನೀವೇ ಕೈಯಿಂದ ಕೊಟ್ಟರೂ ಸರಿ. ಮತ್ತೆ, ಡಿಡಕ್ಟಿಬಲ್ ವಿಮೆಯ ಮೊತ್ತವನ್ನು ಕಮ್ಮಿ ಮಾಡುವುದಿಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ ಕೊಟ್ಟ ವ್ಯಾಖ್ಯೆಯಲ್ಲೇ ಈ ಮಾತಿದೆ. 20 ಲಕ್ಷ ಅಂದರೆ 5ರ ಮೇಲೆ 20, 25ರ ತನಕ.

ಕೋ-ಪೇ ಬೇರೆ. ಡಿಡಕ್ಟಿಬಲ್ ಒಂದು ನಿಗದಿ ಮೊತ್ತ, ದಾಟಿದ ಮೇಲೆ ನೀವು ಆಚೆ. ಕೋ-ಪೇ ಶೇಕಡಾವಾರು, ಬಿಲ್ಲು ಬೆಳೆದಷ್ಟೂ ನಿಮ್ಮ ಪಾಲೂ ಬೆಳೆಯುತ್ತದೆ. ಶೇ. 20 ಕೋ-ಪೇ ಇದ್ದು 10 ಲಕ್ಷದ ಬಿಲ್ಲು ಬಂದರೆ 2 ಲಕ್ಷ ನಿಮ್ಮದು. ವಯಸ್ಸಾದ ಅಪ್ಪ ಅಮ್ಮನ ಪಾಲಿಸಿಯಲ್ಲಿ ಇದು ಜಾಸ್ತಿ ಕಾಣುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಡಿಡಕ್ಟಿಬಲ್ ಆರಿಸುತ್ತೇನೆ. ಕೊನೇಪಕ್ಷ ಎಷ್ಟು ದುಡ್ಡು ತೆಗೆದಿಡಬೇಕು ಅಂತ ಇವತ್ತೇ ಗೊತ್ತಿರುತ್ತದೆ.

ಹಂತ 6: ತೆರಿಗೆಗೆ ಬನ್ನಿ, ಅದೇ ಪ್ರಶ್ನೆ ಕೇಳಿ

ಯಾವುದರಿಂದ ಕಳೆಯುತ್ತಾರೆ? ಇಲ್ಲಿ ಉತ್ತರಗಳು ಹಲವು.

ವಿನಾಯಿತಿ ಅಂದರೆ ಆ ದುಡ್ಡು ಲೆಕ್ಕಕ್ಕೇ ಬರುವುದಿಲ್ಲ. ಕೃಷಿ ಆದಾಯ ಒಂದು ಉದಾಹರಣೆ, ಹಳೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ಒಂದು ಭಾಗ ಇನ್ನೊಂದು (ತೆರಿಗೆ ಲೆಕ್ಕ ಹಾಕುವುದಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆ, ಹಂತ 7ರಲ್ಲಿ ನೋಡೋಣ). ಡಿಡಕ್ಷನ್ ಅಂದರೆ ದುಡ್ಡು ಲೆಕ್ಕಕ್ಕೆ ಬಂತು, ಆಮೇಲೆ ಆದಾಯದಿಂದ ಕಳೆದರು. ರಿಬೇಟ್ ಅಂದರೆ ತೆರಿಗೆ ಎಷ್ಟು ಅಂತ ಲೆಕ್ಕ ಹಾಕಿದ ಮೇಲೆ ಆ ತೆರಿಗೆಯಿಂದಲೇ ಕಳೆಯುವುದು. ಇನ್ನು ಸಂಬಳದ ಚೀಟಿಯಲ್ಲಿ ಕಾಣುವ ಟಿಡಿಎಸ್ "ಕಡಿತ" ಬೇರೆಯೇ ಜಾತಿ. ಅದು ಉಳಿತಾಯ ಅಲ್ಲ, ತೆರಿಗೆಯನ್ನು ಮುಂಗಡವಾಗಿ ಹಿಡಿದದ್ದು.

ಒಂದು ಸಾವಿರ ರೂಪಾಯಿ ರಿಬೇಟ್ ಸಿಕ್ಕರೆ ಒಂದು ಸಾವಿರವೇ ಉಳಿಯಿತು. ಒಂದು ಸಾವಿರ ಡಿಡಕ್ಷನ್ ಸಿಕ್ಕರೆ ಉಳಿಯುವುದು ನಿಮ್ಮ ಸ್ಲ್ಯಾಬ್, ಅಂದರೆ ನಿಮ್ಮ ಆದಾಯಕ್ಕೆ ಬೀಳುವ ತೆರಿಗೆ ದರದ ಹಂತದ ಮೇಲೆ ನಿಂತಿದೆ. ಹಳೆ ಪದ್ಧತಿಯಲ್ಲಿ ಆರೋಗ್ಯ ವಿಮೆಗೆ 25,000 ಪ್ರೀಮಿಯಂ ಕಟ್ಟಿ ತೆರಿಗೆ ಕಾಯ್ದೆಯ 80ಡಿ ಸೆಕ್ಷನ್ ಅಡಿ ತೋರಿಸಿದಿರಿ ಅನ್ನಿ. ಶೇ. 30ರ ಸ್ಲ್ಯಾಬ್‌ನವರಿಗೆ ಶೇ. 4 ಸೆಸ್ (ತೆರಿಗೆಯ ಮೇಲೆ ಹಾಕುವ ತೆರಿಗೆ) ಸೇರಿ 7,800 ಉಳಿಯುತ್ತದೆ. ಶೇ. 20ರವರಿಗೆ 5,200. ಶೇ. 5ರವರಿಗೆ 1,300. "25,000 ಟ್ಯಾಕ್ಸ್ ಉಳಿಯುತ್ತೆ" ಅಂತ ಹೇಳಿ ಪಾಲಿಸಿ ಮಾರುವವರು ಸಿಕ್ಕರೆ ಈ ಲೆಕ್ಕ ತೋರಿಸಿ.

80ಡಿ ಬಗ್ಗೆ ಇನ್ನೆರಡು ಮಾತು. ನೀವು, ಹೆಂಡತಿ ಅಥವಾ ಗಂಡ, ಮಕ್ಕಳು ಸೇರಿ 25,000. ಅಪ್ಪ ಅಮ್ಮನ ಪ್ರೀಮಿಯಂಗೆ ಬೇರೆ 25,000, ಅವರಿಗೆ 60 ದಾಟಿದ್ದರೆ 50,000. ಪ್ರೀಮಿಯಂ ನಗದಾಗಿ ಕೊಟ್ಟರೆ ಲೆಕ್ಕಕ್ಕಿಲ್ಲ. ಆರೋಗ್ಯ ತಪಾಸಣೆಗೆ 5,000 ಇದೆ, ಅದು ಮೇಲಿನ ಮಿತಿಯ ಒಳಗೇ ಸೇರಿದೆ, ಅದನ್ನು ನಗದಾಗಿ ಕೊಟ್ಟರೂ ನಡೆಯುತ್ತದೆ. ಎರಡು ಮೂರು ವರ್ಷದ ಪ್ರೀಮಿಯಂ ಒಟ್ಟಿಗೆ ಕಟ್ಟಿದ್ದರೆ ವರ್ಷಕ್ಕಿಷ್ಟು ಅಂತ ಹಂಚಿ ತೋರಿಸಬೇಕು.

ಸೆಕ್ಷನ್ ನಂಬರ್‌ಗಳ ಬಗ್ಗೆ ಒಂದು ಎಚ್ಚರ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ 80ಸಿ (ಜೀವ ವಿಮೆ, ಪಿಎಫ್ ಥರದ ಉಳಿತಾಯದ ಡಿಡಕ್ಷನ್) ಇದ್ದದ್ದು 123, 80ಡಿ ಇದ್ದದ್ದು 126. ಆದರೆ ಜನರ ಬಾಯಲ್ಲಿ 80ಸಿ ಇನ್ನೂ ಬಹಳ ವರ್ಷ ಇರುತ್ತದೆ ಅಂತ ಕಾಣುತ್ತದೆ.

ಹಂತ 7: ಕಡಿತಗಳನ್ನು ಗುಡ್ಡೆ ಹಾಕುವ ಮೊದಲು ಪದ್ಧತಿ ಆರಿಸಿ

ಮಾರ್ಚ್‌ನಲ್ಲಿ ಓಡಾಡಿ ಯಾವುದಾದರೂ ಪಾಲಿಸಿ ತಗೊಂಡು 80ಸಿ ತುಂಬಿಸುವುದು ಒಂದು ಕಾಲದ ರೂಢಿ. 2023–24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಅದರಲ್ಲಿ 80ಸಿ ಇಲ್ಲ, 80ಡಿ ಇಲ್ಲ. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, ಅದಕ್ಕೆ ಯಾವ ರಸೀದಿಯೂ ಬೇಡ. ಉದ್ಯೋಗದಾತರು ನಿಮ್ಮ ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ಹಾಕುವ ದುಡ್ಡಿಗೂ ಕಡಿತ ಉಂಟು. ಮಿಕ್ಕ ಬಹಳಷ್ಟು ಹೋಯಿತು.

ಸಂಬಳ 9 ಲಕ್ಷ ಇರುವವರನ್ನು ತಗೊಳ್ಳಿ. ಹಳೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ ಪೂರ್ತಿ 1.5 ಲಕ್ಷ, 80ಡಿ 25,000. ಉಳಿದದ್ದು 6.75 ಲಕ್ಷ. ತೆರಿಗೆ 47,500, ಸೆಸ್ ಸೇರಿ 49,400. ಹೊಸ ಪದ್ಧತಿಯಲ್ಲಿ 9 ಲಕ್ಷದಿಂದ 75,000 ಕಳೆದರೆ 8.25 ಲಕ್ಷ. ಸ್ಲ್ಯಾಬ್ ಲೆಕ್ಕದಲ್ಲಿ 22,500 ತೆರಿಗೆ ಬರುತ್ತದೆ. ಆದರೆ 12 ಲಕ್ಷದ ತನಕದ ಆದಾಯಕ್ಕೆ 87ಎ ಸೆಕ್ಷನ್ ಅಡಿ 60,000ದವರೆಗೆ ರಿಬೇಟ್ ಇದೆ. ತೆರಿಗೆ ಸೊನ್ನೆ. 1.75 ಲಕ್ಷ ಕಟ್ಟಿ, ರಸೀದಿ ಜೋಡಿಸಿ, ಕೊನೆಗೆ 49,400 ಜಾಸ್ತಿ ಕೊಟ್ಟ ಹಾಗಾಯಿತು ಅಲ್ವಾ? ಶೇರು ಮಾರಿದ ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ರಿಬೇಟ್ ತಾಗುವುದಿಲ್ಲ, ಅದನ್ನು ಬೇರೆ ಇಟ್ಟುಕೊಳ್ಳಿ.

ಹಾಗಂತ ಹಳೆಯದು ಎಲ್ಲರಿಗೂ ದಂಡ ಅಂತಲ್ಲ. ಸಂಬಳ 20 ಲಕ್ಷ ಇದ್ದರೆ ಹೊಸದರಲ್ಲಿ ತೆರಿಗೆ ಸೆಸ್ ಸೇರಿ 1,92,400. ಹಳೆಯದರಲ್ಲಿ ಇದಕ್ಕಿಂತ ಕಮ್ಮಿ ಆಗಬೇಕಾದರೆ ಕಡಿತ ಮತ್ತು ವಿನಾಯಿತಿ ಎಲ್ಲ ಸೇರಿ ಸುಮಾರು 7.58 ಲಕ್ಷ ದಾಟಬೇಕು. ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿ, 80ಡಿಯ 25,000, ಮನೆ ಸಾಲದ ಬಡ್ಡಿ 2 ಲಕ್ಷ, ಎನ್‌ಪಿಎಸ್‌ನ 50,000 ಎಲ್ಲ ಕೂಡಿದರೂ 4.75 ಲಕ್ಷ. ಇನ್ನೂ 2.83 ಲಕ್ಷ ಬೇಕು. ದೊಡ್ಡ ಬಾಡಿಗೆ ಕಟ್ಟುತ್ತಿರುವವರಿಗೆ ಮಾತ್ರ ಅದು ಸಿಗುವಂಥದ್ದು.

ಆಫೀಸಿನಲ್ಲಿ ಏನೇ ಬರೆದುಕೊಟ್ಟಿದ್ದರೂ ಸಂಬಳದವರು ರಿಟರ್ನ್ ಹಾಕುವಾಗ ಪದ್ಧತಿ ಬದಲಿಸಬಹುದು. ಆದರೆ ಹಳೆಯದು ಬೇಕಾದರೆ ಗಡುವಿನೊಳಗೆ ಹಾಕಬೇಕು. ತಡವಾದರೆ ಹೊಸದೇ ಗತಿ. ವ್ಯಾಪಾರದ ಆದಾಯ ಇರುವವರಿಗೆ ಹೀಗೆ ವರ್ಷ ವರ್ಷ ಬದಲಿಸುವ ಸ್ವಾತಂತ್ರ್ಯ ಇಲ್ಲ. ಹಳೆಯದಕ್ಕೆ ಹೋದವರು ಹೊಸದಕ್ಕೆ ಮರಳುವುದು ಒಂದೇ ಸಲ.

ಹಂತ 8: ವಿಮೆಯಲ್ಲಿ ಕಳೆದದ್ದನ್ನು ತೆರಿಗೆಯಲ್ಲಿ ತೋರಿಸಬಹುದಾ?

ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. ಆಸ್ಪತ್ರೆಯಲ್ಲಿ ಡಿಡಕ್ಟಿಬಲ್ ಅಂತ ಕೈಯಿಂದ ಕೊಟ್ಟ ದುಡ್ಡು 80ಡಿಗೆ ಬರುತ್ತಾ? ಬರುವುದಿಲ್ಲ. 80ಡಿ ಒಪ್ಪುವುದು ಪ್ರೀಮಿಯಂ, ತಪಾಸಣೆ ಮುಂತಾದವನ್ನು. ಚಿಕಿತ್ಸೆಯ ಖರ್ಚನ್ನೇ ತೋರಿಸುವ ಅವಕಾಶ ಇರುವುದು 60 ದಾಟಿದ, ಆರೋಗ್ಯ ವಿಮೆ ಇಲ್ಲದ ಹಿರಿಯರಿಗೆ, 50,000ದವರೆಗೆ. ವಿಮೆ ಇದ್ದು ಡಿಡಕ್ಟಿಬಲ್ ಕೊಟ್ಟವರಿಗೆ ಇಲ್ಲ. ನನ್ನ ಬಂಪರ್‌ನ 4,900 ಅಂತೂ ಎಲ್ಲೂ ಸಲ್ಲುವುದಿಲ್ಲ, ಸ್ವಂತದ ಕಾರು.

ಆದರೆ ಅದೇ ಕಾರು ಟ್ಯಾಕ್ಸಿಯಾಗಿದ್ದರೆ, ಅಥವಾ ಅಂಗಡಿಯ ಮಾಲು ಸಾಗಿಸುವ ಗಾಡಿಯಾಗಿದ್ದರೆ ಕತೆ ಬೇರೆ. ವ್ಯಾಪಾರಕ್ಕೆ ಬಳಸುವ ಗಾಡಿಯ ರಿಪೇರಿ ವ್ಯಾಪಾರದ ಖರ್ಚು. ಕಂಪನಿ ಕೊಟ್ಟದ್ದನ್ನು ಬಿಟ್ಟು, ನಿಮ್ಮ ಕೈಯಿಂದ ಹೋದ ಭಾಗವನ್ನು ಲಾಭದಿಂದ ಕಳೆಯಬಹುದು. ವಿಮೆಯ ಪ್ರೀಮಿಯಂ ಕೂಡ. ಇದು ಹೊಸ ಪದ್ಧತಿಯಲ್ಲೂ ನಡೆಯುತ್ತದೆ. ಲೆಕ್ಕಪತ್ರ ಇಡದೆ ವಹಿವಾಟಿನ ಇಂತಿಷ್ಟು ಶೇಕಡಾ ಲಾಭ ಅಂತ ತೋರಿಸುವ ಅಂದಾಜು ಯೋಜನೆಯಲ್ಲಿ ಇರುವವರಿಗೆ ಮಾತ್ರ ಆಗುವುದಿಲ್ಲ, ಅಲ್ಲಿ ಎಲ್ಲ ಖರ್ಚೂ ಆ ಶೇಕಡಾದಲ್ಲೇ ಮುಗಿದಿದೆ.

ಅದಕ್ಕೆ ಗ್ಯಾರೇಜಿನ ಬಿಲ್ಲು ಒಂದೇ ಸಾಲದು. ಕಂಪನಿ ಎಷ್ಟು ಒಪ್ಪಿತು, ಸವಕಳಿ ಎಷ್ಟು, ಡಿಡಕ್ಟಿಬಲ್ ಎಷ್ಟು ಅಂತ ಬರೆದಿರುವ ಕ್ಲೇಮ್ ಸೆಟಲ್‌ಮೆಂಟ್ ಪತ್ರ ಕೇಳಿ ಪಡೆದು, ಬಿಲ್ಲಿನ ಹಿಂದೆ ಪಿನ್ ಹಾಕಿ ಇಡಿ. ಕೇಳದಿದ್ದರೆ ಅವರಾಗಿ ಕೊಡುವುದು ಕಮ್ಮಿ.